ಮೇಘನಾದ ಸಾಹಾ ಮತ್ತು ಚಿತ್ತಾ ನಕ್ಷತ್ರ

ನಮ್ಮ ಹಳ್ಳಿಖೇಡ (ಬಿ)ಯಲ್ಲಿ ಚಿತ್ತಿ ಮಳೆಯನ್ನರಿಯದ ರೈತನಿಲ್ಲ. ಚಿತ್ತಾ ನಕ್ಷತ್ರವನ್ನು ಬೆರಳಿಟ್ಟು ತೋರಿಸಬಲ್ಲವರು ಮಾತ್ರ ವಿರಳ. ಆ ಮಳೆಯ ದಿನಗಳಲ್ಲಿ ಸೂರ್ಯನು ಅದರ ಬಳಿಯಲ್ಲೇ ಇರುವುದರಿಂದ ಅದು ಕಾಣದು. ಚೈತ್ರದ ರಾತ್ರಿ ಮಾಳಿಗೆ ಹತ್ತಿ ಪೂರ್ವಕ್ಕೆ ಮುಖಮಾಡಿದರೆ ನೀಲಿ ಛಾಯೆಯ ಆ ಬಿಳಿಚುಕ್ಕೆಯನ್ನು ಕಾಣಬಹುದು. ಅದು ಒಂದಲ್ಲ, ಎರಡು. ಉಪದೈತ್ಯವೆನ್ನಬಹುದಾದ ಬಿಸಿ ನಕ್ಷತ್ರವೂ ಅದರ ಜೊತೆಗಾರನೂ ನಾಲ್ಕೇ ದಿನಗಳಲ್ಲಿ ಒಂದನ್ನೊಂದು ಸುತ್ತುತ್ತವೆ. ಜರ್ಮನಿಯ ಫೋಗೆಲ್ ಇದನ್ನು 1890ರಲ್ಲಿ ಕಂಡುಹಿಡಿದರು. ಸುಮಾರು 250 ಜ್ಯೋತಿರ್ವರ್ಷ ದೂರದ ಆ ನಕ್ಷತ್ರದ ಮೈ ಸುಮಾರು 25,000 ಡಿಗ್ರಿಗೆ ಕಾದಿದೆಯೆಂದು ಅದರ ಬೆಳಕಿನಿಂದಲೇ ತಿಳಿಯುವ ದಾರಿಯನ್ನು ತೋರಿದವರು ಮೇಘನಾದ ಸಾಹಾರವರು.

ಅವರು ಹುಟ್ಟಿದ್ದು 1893ರ ಅಕ್ಟೋಬರ್ 6ರಂದು, ಢಾಕಾ ಸಮೀಪದ ಶೇವರಾತಲಿ ಎಂಬ ಹಳ್ಳಿಯಲ್ಲಿ. ತಂದೆಯದು ಸಣ್ಣ ಕಿರಾಣಿ ಅಂಗಡಿ. ಮಗನನ್ನು ಮುಂದೆ ಓದಿಸುವ ಶಕ್ತಿ ಇರಲಿಲ್ಲ. ಸಿಮುಲಿಯಾದ ವೈದ್ಯ ಅನಂತಕುಮಾರ ದಾಸರು ತಮ್ಮ ಮನೆಯಲ್ಲಿಟ್ಟುಕೊಂಡು ಅನ್ನವಿಕ್ಕಿದರು. ಹುಡುಗನು ದನ ನೋಡಿಕೊಳ್ಳಬೇಕು, ಉಂಡ ತಟ್ಟೆಯನ್ನು ತಾನೇ ತೊಳೆಯಬೇಕು. ಅಂದಿನ ಜಾತಿಕಟ್ಟು ಹಾಗಿತ್ತು. ಪರರ ಮನೆಯಲ್ಲುಂಡು ಓದಿದ ನನ್ನಂಥವನಿಗೆ ಅವರ ಸೂತ್ರಕ್ಕಿಂತ ಮೊದಲು ಈ ತಟ್ಟೆಯೇ ಮನಸ್ಸಿಗೆ ನಾಟಿತು. ಢಾಕಾದ ಶಾಲೆಗೆ ಸೇರಿದ ಮೇಲೆ, 1905ರ ವಂಗಭಂಗದ ಕಾಲದಲ್ಲಿ ಗವರ್ನರರ ಭೇಟಿಯನ್ನು ಬಹಿಷ್ಕರಿಸಿದ್ದಕ್ಕಾಗಿ ಶಾಲೆಯೂ ಹೋಯಿತು, ವಿದ್ಯಾರ್ಥಿವೇತನವೂ ಹೋಯಿತು. ಕಲಕತ್ತೆಯ ಹಾಸ್ಟೆಲಿನಲ್ಲಿಯೂ ಕೆಲವರು ಅವರೊಡನೆ ಪಂಕ್ತಿಯಲ್ಲಿ ಕೂರಲೊಪ್ಪಲಿಲ್ಲ.

1920ರಲ್ಲಿ ಅವರ ಅಯಾನೀಕರಣ ಸೂತ್ರವು ಪ್ರಕಟವಾಯಿತು. ಕಾವು ಏರಿದಂತೆ ಪರಮಾಣುಗಳು ಎಲೆಕ್ಟ್ರಾನುಗಳನ್ನು ಕಳಚಿಕೊಳ್ಳುತ್ತವೆ. ಒತ್ತಡ ಇಳಿದಷ್ಟೂ ಇದು ಸುಲಭ. ಎಷ್ಟು ಪಾಲು ಹೀಗೆ ಕಳಚಿಕೊಂಡಿವೆಯೆಂಬುದನ್ನು ಆ ಸೂತ್ರ ಹೇಳುತ್ತದೆ. ಚಿತ್ತೆಯ ರೋಹಿತದಲ್ಲಿ ಹೀಲಿಯಂ ಗೆರೆಗಳು ಎದ್ದು ಕಾಣುತ್ತವೆ, ಜಲಜನಕದ ಗೆರೆಗಳು ಲುಬ್ಧಕದವುಗಳಿಗಿಂತ ಕ್ಷೀಣ. ಜಲಜನಕ ಅಲ್ಲಿ ಕಡಿಮೆಯೆಂದಲ್ಲ, ಕಾವು ಹೆಚ್ಚೆಂದು ಇದರರ್ಥ. ನಕ್ಷತ್ರಗಳ ಬಣ್ಣಬಣ್ಣದ ವರ್ಗಗಳೆಲ್ಲ ಈ ಸೂತ್ರದಿಂದ ಉಷ್ಣತೆಯ ಮೆಟ್ಟಿಲುಗಳಾಗಿ ಅರ್ಥವಾದವು.

1927ರಲ್ಲಿ ಅವರು ರಾಯಲ್ ಸೊಸೈಟಿಯ ಫೆಲೋ ಆದರು. 1952ರಲ್ಲಿ ಲೋಕಸಭೆಗೆ ಆಯ್ಕೆಯಾದರು. ಅದೇ ವರ್ಷ ನೇಮಕವಾದ ಪಂಚಾಂಗ ಸುಧಾರಣಾ ಸಮಿತಿಗೂ ಅವರೇ ಅಧ್ಯಕ್ಷರು. ಅಚ್ಚರಿಯೆಂದರೆ, ಸಮಿತಿಯು ನಿರಯನ ಗಣನೆಗೆ ಆಧಾರವಾಗಿ ಹಿಡಿದದ್ದೂ ಚಿತ್ತೆಯನ್ನೇ: ಅದಕ್ಕೆ ನೇರ ಎದುರಿನ ಬಿಂದುವಿನಿಂದ ರಾಶಿಚಕ್ರದ ಎಣಿಕೆ. 1955ರಲ್ಲಿ ವರದಿ ಹೊರಬಂತು. 1956ರ ಫೆಬ್ರವರಿ 16ರಂದು ದೆಹಲಿಯಲ್ಲಿ ಯೋಜನಾ ಆಯೋಗದ ಕಛೇರಿಗೆ ನಡೆದು ಹೋಗುತ್ತಿದ್ದಾಗ ಅವರು ಕುಸಿದು ತೀರಿಕೊಂಡರು. ಚೈತ್ರದಿಂದ ಮೊದಲಾಗುವ ಆ ರಾಷ್ಟ್ರೀಯ ಪಂಚಾಂಗವು ಜಾರಿಗೆ ಬಂದದ್ದು 1957ರ ಮಾರ್ಚ್ 22ರಂದು.