ಪಾಲ್ವಂಕರ್ ಬಾಲೂ

ಪಾಲ್ವಂಕರ್ ಬಾಲೂ (ಮಾರ್ಚ್ 19, 1876 – ಜುಲೈ 4, 1955) ಭಾರತೀಯ ಕ್ರಿಕೆಟ್‌ನ ಆರಂಭಕಾಲದ ಶ್ರೇಷ್ಠ ಬೌಲರ್‌ಗಳಲ್ಲಿ ಒಬ್ಬರು. ಧಾರವಾಡದಲ್ಲಿ ಜನಿಸಿದ ಇವರು ಎಡಗೈ ನಿಧಾನಗತಿಯ ಸ್ಪಿನ್ ಬೌಲರ್ ಆಗಿದ್ದರು. ಮುಂಬಯಿಯ ಹಿಂದೂ ತಂಡದ ಪರವಾಗಿ ಆಡಿ, 1911ರಲ್ಲಿ ಇಂಗ್ಲೆಂಡಿಗೆ ತೆರಳಿದ ಅಖಿಲ ಭಾರತ ತಂಡದ ಪ್ರಮುಖ ಬೌಲರ್ ಎನಿಸಿದರು. ಅಸ್ಪೃಶ್ಯವೆಂದು ಎಣಿಸಲಾಗಿದ್ದ ಸಮುದಾಯದಿಂದ ಬಂದು ಕ್ರೀಡಾರಂಗದಲ್ಲಿ ದೇಶದ ಮನ್ನಣೆ ಪಡೆದ ಮೊದಲಿಗರಲ್ಲಿ ಇವರು ಒಬ್ಬರು. ಆಟದಲ್ಲಿ ಇವರ ಸಾಮರ್ಥ್ಯವನ್ನು ಎಲ್ಲರೂ ಒಪ್ಪಿಕೊಂಡಿದ್ದರೂ ಹಿಂದೂ ತಂಡದ ನಾಯಕತ್ವ ಇವರಿಗೆ ದೊರೆಯಲಿಲ್ಲ.

ಜನನ ಮತ್ತು ಬಾಲ್ಯ

ಬಾಲೂ ಅವರು ಅಂದಿನ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಧಾರವಾಡದಲ್ಲಿ ಜನಿಸಿದರು. ಕೆಲವು ಬರಹಗಳಲ್ಲಿ ಜನ್ಮವರ್ಷ 1875 ಎಂದಿದೆ. ಕುಟುಂಬದ ಮೂಲ ಊರು ಕೊಂಕಣದ ಪಾಲ್ವಣ. ಅಡ್ಡಹೆಸರು ಬಂದಿರುವುದು ಆ ಊರಿನಿಂದಲೇ. ಕುಟುಂಬವು ಚಮ್ಮಾರ ಸಮುದಾಯಕ್ಕೆ ಸೇರಿತ್ತು. ಚರ್ಮ ಹದ ಮಾಡುವುದು ಮತ್ತು ಚರ್ಮದ ವಸ್ತುಗಳನ್ನು ತಯಾರಿಸುವುದು ಆ ಸಮುದಾಯದ ಪರಂಪರಾಗತ ಕಸುಬು.

ತಂದೆ ಸೈನ್ಯದಲ್ಲಿ ನೌಕರಿಯಲ್ಲಿದ್ದುದರಿಂದ ಕುಟುಂಬವು ಪುಣೆಯಲ್ಲಿ ನೆಲೆಸಿತು. ಅಲ್ಲಿ ಬಾಲೂ ಮತ್ತು ಅವರ ತಮ್ಮ ಶಿವರಾಮ, ಸೇನಾಧಿಕಾರಿಗಳು ಬಳಸಿ ಬಿಟ್ಟ ಬ್ಯಾಟು-ಚೆಂಡುಗಳಿಂದ ಕ್ರಿಕೆಟ್ ಕಲಿತರು. ಮುಂದೆ ಇನ್ನಿಬ್ಬರು ತಮ್ಮಂದಿರಾದ ಗಣಪತ ಮತ್ತು ವಿಠ್ಠಲ ಅವರೂ ಹೆಸರಾಂತ ಆಟಗಾರರಾದರು. ನಾಲ್ವರು ಸಹೋದರರೂ ಹಿಂದೂ ತಂಡದ ಪರವಾಗಿ ಆಡಿದ್ದಾರೆ.

ಪುಣೆಯ ದಿನಗಳು

ಬಾಲೂ ಅವರ ಮೊದಲ ನೌಕರಿ ಪುಣೆಯಲ್ಲಿ ಪಾರ್ಸಿಗಳು ನಡೆಸುತ್ತಿದ್ದ ಒಂದು ಕ್ರಿಕೆಟ್ ಕ್ಲಬ್ಬಿನಲ್ಲಿ. ಮೈದಾನ ಗುಡಿಸುವುದು, ಪಿಚ್ ಮೇಲೆ ರೋಲರ್ ಎಳೆಯುವುದು ಅವರ ಕೆಲಸವಾಗಿತ್ತು. ತಿಂಗಳಿಗೆ 3 ರೂಪಾಯಿ ಸಂಬಳ. 1892ರ ಸುಮಾರಿಗೆ ಅವರು ಯೂರೋಪಿಯನ್ನರ ಪೂನಾ ಕ್ಲಬ್ ಸೇರಿದರು. ಅಲ್ಲಿ ಸಂಬಳ 4 ರೂಪಾಯಿಗೆ ಏರಿತು. ಪಿಚ್ ಸಿದ್ಧಪಡಿಸುವುದು, ಅಭ್ಯಾಸದ ಬಲೆ ಕಟ್ಟುವುದು, ಟೆನಿಸ್ ಅಂಕಣ ನೋಡಿಕೊಳ್ಳುವುದು ಅವರ ಪಾಲಿನ ಕೆಲಸಗಳಾಗಿದ್ದವು. ಕ್ಲಬ್ಬಿನ ಸದಸ್ಯರೊಬ್ಬರ ಪ್ರೋತ್ಸಾಹದಿಂದ ಅವರು ಬಲೆಯಲ್ಲಿ ಬೌಲಿಂಗ್ ಮಾಡತೊಡಗಿದರು.

ಆ ಕಾಲದ ಅತ್ಯುತ್ತಮ ಯೂರೋಪಿಯನ್ ಬ್ಯಾಟುಗಾರರಲ್ಲಿ ಒಬ್ಬರಾದ ಕ್ಯಾಪ್ಟನ್ ಜೆ. ಜಿ. ಗ್ರೆಗ್ ಅವರು ಉಳಿದವರಿಗಿಂತ ಮೊದಲೇ ಮೈದಾನಕ್ಕೆ ಬಂದು ಬಾಲೂ ಅವರ ಎಸೆತಗಳಿಗೆ ಆಡಿ ಅಭ್ಯಾಸ ಮಾಡುತ್ತಿದ್ದರು. ತಮ್ಮನ್ನು ಔಟ್ ಮಾಡಿದ ಪ್ರತಿಸಲವೂ ಗ್ರೆಗ್ ಎಂಟಾಣೆ ಕೊಡುತ್ತಿದ್ದರೆಂಬ ಕಥೆ ಪ್ರಚಲಿತವಾಗಿದೆ. ದಿನವೂ ಗಂಟೆಗಟ್ಟಲೆ ಬೌಲಿಂಗ್ ಮಾಡಿದ್ದರಿಂದ ಬಾಲೂ ಅವರಿಗೆ ಚೆಂಡಿನ ಮೇಲೆ ಅಪೂರ್ವ ಹಿಡಿತ ಸಿದ್ಧಿಸಿತು. ಆದರೆ ಆ ಕ್ಲಬ್ಬಿನ ಬಲೆಯಲ್ಲಿ ಅವರಿಗೆ ಬ್ಯಾಟಿಂಗ್ ಮಾಡುವ ಅವಕಾಶ ಇರಲಿಲ್ಲ. ಬ್ಯಾಟು ಸದಸ್ಯರ ಹಕ್ಕು, ಬೌಲಿಂಗ್ ಆಳಿನ ಕೆಲಸ ಎಂಬ ಭಾವನೆ ಆಗ ಪ್ರಬಲವಾಗಿತ್ತು.

ಚೆಂಡಿನ ಬಾಳಿಕೆ ಮತ್ತು ಬೌಲಿಂಗ್ ವಿಧಾನ

ಬಾಲೂ ಅವರ ಬೌಲಿಂಗನ್ನು ಅರ್ಥಮಾಡಿಕೊಳ್ಳಲು ಆ ಕಾಲದ ಚೆಂಡಿನ ಸ್ವರೂಪವನ್ನು ತಿಳಿಯುವುದು ಸಹಾಯಕ. ಕ್ರಿಕೆಟ್ ಚೆಂಡಿನ ಒಳಗೆ ಕಾರ್ಕಿನ ತಿರುಳಿರುತ್ತದೆ. ಅದರ ಸುತ್ತ ಬಿಗಿಯಾಗಿ ಹುರಿ ಸುತ್ತಿ, ಮೇಲೆ ಹದಮಾಡಿದ ಚರ್ಮದ ಹೊದಿಕೆ ಹಾಕಿ ಹೊಲಿಯುತ್ತಾರೆ. ತೂಕ ಐದೂವರೆಯಿಂದ ಐದೂಮುಕ್ಕಾಲು ಔನ್ಸ್ (ಸುಮಾರು 156ರಿಂದ 163 ಗ್ರಾಂ) ಇರಬೇಕೆಂಬ ನಿಯಮ 18ನೆಯ ಶತಮಾನದಿಂದಲೂ ಜಾರಿಯಲ್ಲಿದೆ. ಬಾಲೂ ಆಡುತ್ತಿದ್ದ ಕಾಲದಲ್ಲಿ ಚೆಂಡಿನ ಸುತ್ತಳತೆ 9ರಿಂದ 9.25 ಅಂಗುಲ ಇತ್ತು. 1927ರಲ್ಲಿ ಅದನ್ನು ಸ್ವಲ್ಪ ಕಡಿಮೆ ಮಾಡಲಾಯಿತು. ಅಂದರೆ ಅವರು ತಿರುಗಿಸುತ್ತಿದ್ದ ಚೆಂಡು ಇಂದಿನದಕ್ಕಿಂತ ತುಸು ದೊಡ್ಡದಾಗಿತ್ತು.

ಪಂದ್ಯಾವಳಿಗೆ ಆರಿಸುವ ಚೆಂಡಿನಲ್ಲಿ ಮುಖ್ಯವಾಗಿ ಮೂರು ಗುಣಗಳನ್ನು ನೋಡುತ್ತಾರೆ. ಬಹಳ ಹೊತ್ತು ಆಡಿದರೂ ಅದರ ದುಂಡಗಿನ ಆಕಾರ ಕೆಡಬಾರದು, ಹೊಲಿಗೆ ಬಿಚ್ಚಬಾರದು, ತಿರುಳು ಮೆತ್ತಗಾಗಬಾರದು. ಹುರಿಯ ಸುತ್ತು ಸಡಿಲವಾಗಿದ್ದರೆ ಚೆಂಡು ಬೇಗ ಸೊಟ್ಟಗಾಗುತ್ತದೆ. ಚರ್ಮದ ಹದ ಸರಿಯಿಲ್ಲದಿದ್ದರೆ ಗಟ್ಟಿ ನೆಲದ ಮೇಲೆ ಮೇಲ್ಮೈ ಬಹುಬೇಗ ಒರಟಾಗುತ್ತದೆ. ಹೊಸ ಚೆಂಡಿನ ಹೊಳಪು ಮತ್ತು ಗಡಸುತನ ವೇಗದ ಬೌಲರ್‌ಗಳಿಗೆ ಅನುಕೂಲ. ಹೊಳಪು ಹೋಗಿ ಒರಟಾದ ಚೆಂಡು ಬೆರಳಿನ ಹಿಡಿತಕ್ಕೆ ಚೆನ್ನಾಗಿ ಒದಗುವುದರಿಂದ ಸ್ಪಿನ್ ಬೌಲರ್‌ಗೆ ಸಹಕಾರಿ.

19ನೆಯ ಶತಮಾನದಲ್ಲಿ ಒಂದು ಇನಿಂಗ್ಸ್‌ಗೆ ಒಂದೇ ಚೆಂಡು ಬಳಸುವುದು ವಾಡಿಕೆಯಾಗಿತ್ತು. 200 ರನ್‌ಗಳ ನಂತರ ಹೊಸ ಚೆಂಡು ಪಡೆಯುವ ಅವಕಾಶವನ್ನು 1907ರಲ್ಲಿ ಕಲ್ಪಿಸಲಾಯಿತು. ಹೀಗಾಗಿ ಸವೆದ ಚೆಂಡಿನಿಂದ ದೀರ್ಘಕಾಲ ಬೌಲಿಂಗ್ ಮಾಡಬಲ್ಲವರಿಗೆ ಆಗ ತಂಡದಲ್ಲಿ ಹೆಚ್ಚಿನ ಬೆಲೆ ಇತ್ತು. ಇತರರು ಬಳಸಿ ಬಿಟ್ಟ ಚೆಂಡುಗಳಿಂದಲೇ ಆಟ ಕಲಿತ ಬಾಲೂ ಅವರಿಗೆ ಈ ಕಲೆ ಬಾಲ್ಯದಿಂದಲೇ ಒಲಿದಿತ್ತು. ಎರಡೂ ಕಡೆಗೆ ತಿರುಗುವ ಎಸೆತ, ವೇಗ ಮತ್ತು ಎತ್ತರದಲ್ಲಿ ಸೂಕ್ಷ್ಮ ಬದಲಾವಣೆ, ದಣಿವಿಲ್ಲದೆ ಒಂದೇ ಜಾಗಕ್ಕೆ ಚೆಂಡು ಹಾಕುವ ನಿಖರತೆ ಅವರ ವೈಶಿಷ್ಟ್ಯಗಳು. ಸಮಕಾಲೀನರು ಅವರನ್ನು ಇಂಗ್ಲೆಂಡಿನ ಪ್ರಸಿದ್ಧ ಎಡಗೈ ಬೌಲರ್ ವಿಲ್ಫ್ರೆಡ್ ರೋಡ್ಸ್ ಅವರಿಗೆ ಹೋಲಿಸಿದ್ದುಂಟು.

ಹಿಂದೂ ತಂಡಕ್ಕೆ ಸೇರ್ಪಡೆ ಮತ್ತು ಅಸ್ಪೃಶ್ಯತೆ

ಪುಣೆಯ ಹಿಂದೂ ಕ್ಲಬ್ ಯೂರೋಪಿಯನ್ನರ ವಿರುದ್ಧ ಗೆಲ್ಲಬೇಕೆಂದು ಬಯಸಿದಾಗ ಬಾಲೂ ಅವರನ್ನು ಸೇರಿಸಿಕೊಳ್ಳುವ ಪ್ರಶ್ನೆ ಎದುರಾಯಿತು. ಕೆಲವು ಸವರ್ಣೀಯ ಸದಸ್ಯರು ಇದನ್ನು ವಿರೋಧಿಸಿದರು. ಕೊನೆಗೆ ಗೆಲುವಿನ ಆಸೆಯೇ ಮೇಲಾಗಿ ಬಾಲೂ ತಂಡಕ್ಕೆ ಬಂದರು. ಆದರೆ ಸಮಾನತೆ ಮೈದಾನದ ಗೆರೆಯವರೆಗೆ ಮಾತ್ರ ಇತ್ತು. ಆಟದ ವೇಳೆ ಎಲ್ಲರೂ ಒಂದೇ ಚೆಂಡನ್ನು ಮುಟ್ಟುತ್ತಿದ್ದರು. ಚಹಾ ವಿರಾಮದಲ್ಲಿ ಮಾತ್ರ ಬಾಲೂ ಅವರಿಗೆ ಪೆವಿಲಿಯನ್ನಿನ ಹೊರಗೆ ಮಣ್ಣಿನ ಕುಡಿಕೆಯಲ್ಲಿ ಚಹಾ ಕೊಡಲಾಗುತ್ತಿತ್ತು. ಊಟಕ್ಕೂ ಅವರು ಬೇರೆ ಕುಳಿತುಕೊಳ್ಳಬೇಕಾಗಿತ್ತು. ಚರ್ಮದ ಕೆಲಸವನ್ನು ಮೈಲಿಗೆಯೆಂದು ಎಣಿಸುತ್ತಿದ್ದ ಸಮಾಜವು ಚರ್ಮದ ಚೆಂಡನ್ನು ಕೈಗೆತ್ತಿಕೊಳ್ಳಲು ಹಿಂಜರಿಯಲಿಲ್ಲ ಎಂಬುದು ಗಮನಾರ್ಹ.

ಸಾತಾರದಲ್ಲಿ ಯೂರೋಪಿಯನ್ನರ ತಂಡದ ವಿರುದ್ಧ ನಡೆದ ಪಂದ್ಯದಲ್ಲಿ ಬಾಲೂ ಅವರ ಬೌಲಿಂಗ್‌ನಿಂದ ಹಿಂದೂ ತಂಡ ಗೆದ್ದಿತು. ಆ ಬಳಿಕ ಪುಣೆಯಲ್ಲಿ ಅವರಿಗೆ ಸಾರ್ವಜನಿಕ ಸನ್ಮಾನ ನಡೆಯಿತು. ಸಮಾಜ ಸುಧಾರಕ ಮಹಾದೇವ ಗೋವಿಂದ ರಾನಡೆ ಅವರು ಬಾಲೂ ಅವರನ್ನು ಗೌರವಿಸಿ, ಜೊತೆಗೆ ಆಡುವವರು ಜೊತೆಗೆ ಊಟ ಮಾಡಲು ಹಿಂಜರಿಯಬಾರದೆಂದು ತಂಡದವರಿಗೆ ತಿಳಿಹೇಳಿದರು. ಬಾಲಗಂಗಾಧರ ತಿಲಕರೂ ಬಾಲೂ ಅವರನ್ನು ಬಹಿರಂಗವಾಗಿ ಪ್ರಶಂಸಿಸಿದರು.

ಮುಂಬಯಿ ಮತ್ತು 1906ರ ಗೆಲುವು

19ನೆಯ ಶತಮಾನದ ಕೊನೆಯ ವರ್ಷಗಳಲ್ಲಿ ಪುಣೆಯಲ್ಲಿ ಪ್ಲೇಗ್ ಹಬ್ಬಿದಾಗ ಬಾಲೂ ಮುಂಬಯಿಗೆ ಬಂದರು. ಅಲ್ಲಿ ರೈಲ್ವೆಯಲ್ಲಿ ನೌಕರಿ ದೊರೆಯಿತು. ಹಿಂದೂ ಜಿಮಖಾನಾ ಕೂಡ ಮೊದಲು ಎದ್ದ ಆಕ್ಷೇಪಗಳನ್ನು ಬದಿಗಿಟ್ಟು ಅವರನ್ನು ತಂಡಕ್ಕೆ ಸೇರಿಸಿಕೊಂಡಿತು.

ಫೆಬ್ರವರಿ 1906ರಲ್ಲಿ ಮುಂಬಯಿಯಲ್ಲಿ ನಡೆದ ಪಂದ್ಯದಲ್ಲಿ ಹಿಂದೂ ತಂಡ 242 ಮತ್ತು 160 ರನ್ ಗಳಿಸಿತು. ಯೂರೋಪಿಯನ್ ತಂಡ 191 ಮತ್ತು 102 ರನ್‌ಗಳಿಗೆ ಆಲೌಟ್ ಆಯಿತು. 109 ರನ್‌ಗಳ ಈ ಗೆಲುವಿನಲ್ಲಿ ಬಾಲೂ ಅವರ ಬೌಲಿಂಗ್ ನಿರ್ಣಾಯಕವಾಗಿತ್ತು. ಶಿವರಾಮ ಅವರೂ ತಂಡದಲ್ಲಿದ್ದರು. ಸ್ವದೇಶಿ ಚಳವಳಿಯ ಆ ದಿನಗಳಲ್ಲಿ ಈ ವಿಜಯಕ್ಕೆ ಆಟಕ್ಕಿಂತ ಮಿಗಿಲಾದ ಅರ್ಥ ಬಂದಿತು. ಅಷ್ಟರಲ್ಲಿ ತಂಡದವರು ಪಾಲ್ವಂಕರ್ ಸಹೋದರರೊಂದಿಗೆ ಸಹಭೋಜನಕ್ಕೂ ಒಪ್ಪಿಕೊಂಡಿದ್ದರು. ಸುಧಾರಣಾವಾದಿ ಪತ್ರಿಕೆಗಳು ಗೆಲುವಿನ ಜೊತೆಗೆ ಈ ಬದಲಾವಣೆಯನ್ನೂ ಎತ್ತಿ ಹೇಳಿದವು. 1907ರಲ್ಲಿ ಪಾರ್ಸಿ ತಂಡವೂ ಸೇರಿ ತ್ರಿಕೋನ ಪಂದ್ಯಾವಳಿ ಆರಂಭವಾಯಿತು. 1912ರಲ್ಲಿ ಮುಸ್ಲಿಂ ತಂಡ ಸೇರಿ ಅದು ಚತುಷ್ಕೋನ ಪಂದ್ಯಾವಳಿಯಾಯಿತು.

1911ರ ಇಂಗ್ಲೆಂಡ್ ಪ್ರವಾಸ

ಪಟಿಯಾಲದ ಮಹಾರಾಜ ಭೂಪಿಂದರ್ ಸಿಂಗ್ ಅವರ ನಾಯಕತ್ವದಲ್ಲಿ 1911ರಲ್ಲಿ ಅಖಿಲ ಭಾರತ ತಂಡ ಇಂಗ್ಲೆಂಡ್ ಪ್ರವಾಸ ಕೈಗೊಂಡಿತು. ಬೇರೆ ಬೇರೆ ಧರ್ಮಗಳ ಆಟಗಾರರಿದ್ದ ಈ ತಂಡದಲ್ಲಿ ಬಾಲೂ ಮತ್ತು ಶಿವರಾಮ ಇಬ್ಬರೂ ಸ್ಥಾನ ಪಡೆದರು. ತಂಡ ಹೆಚ್ಚಿನ ಪಂದ್ಯಗಳಲ್ಲಿ ಸೋತರೂ ಬಾಲೂ ಅವರ ಸಾಧನೆ ಎಲ್ಲರ ಗಮನ ಸೆಳೆಯಿತು. ಎಲ್ಲ ಪಂದ್ಯಗಳೂ ಸೇರಿ ಅವರು 18.84ರ ಸರಾಸರಿಯಲ್ಲಿ 114 ವಿಕೆಟ್ ಪಡೆದರು. ಇವುಗಳಲ್ಲಿ 75 ವಿಕೆಟ್‌ಗಳು ಪ್ರಥಮ ದರ್ಜೆಯ ಪಂದ್ಯಗಳಲ್ಲಿ ಬಂದವು. ಕೇಂಬ್ರಿಜ್ ವಿಶ್ವವಿದ್ಯಾಲಯದ ವಿರುದ್ಧ 103 ರನ್‌ಗಳಿಗೆ 8 ವಿಕೆಟ್ ಪಡೆದದ್ದು ಅವರ ಜೀವನದ ಶ್ರೇಷ್ಠ ಬೌಲಿಂಗ್. ಇಂಗ್ಲೆಂಡಿನ ತೇವದ ನೆಲ, ಚಳಿಯ ಹವೆ ಎರಡೂ ಅವರಿಗೆ ಹೊಸದಾಗಿದ್ದವು. ಭುಜದ ನೋವೂ ಅವರನ್ನು ಬಾಧಿಸುತ್ತಿತ್ತು.

ಸ್ವದೇಶಕ್ಕೆ ಮರಳಿದಾಗ ಮುಂಬಯಿಯ ದಲಿತ ಸಮುದಾಯಗಳು ಬಾಲೂ ಅವರನ್ನು ಸನ್ಮಾನಿಸಿದವು. ಆಗ ಯುವಕರಾಗಿದ್ದ ಬಿ. ಆರ್. ಅಂಬೇಡ್ಕರ್ ಅವರಿಗೆ ಬಾಲೂ ಆದರ್ಶಪ್ರಾಯರಾಗಿದ್ದರು.

ನಾಯಕತ್ವದ ವಿವಾದ

ಸಾಧನೆ ಮತ್ತು ಅನುಭವ ಎರಡರಲ್ಲೂ ಬಾಲೂ ಅವರಿಗೆ ಸರಿಗಟ್ಟುವವರು ಹಿಂದೂ ತಂಡದಲ್ಲಿ ವಿರಳ. ಆದರೂ 1910ರ ನಂತರದ ಹತ್ತು ವರ್ಷಗಳಲ್ಲಿ ನಾಯಕತ್ವದ ಮಾತು ಬಂದಾಗಲೆಲ್ಲ ಸವರ್ಣೀಯ ಆಟಗಾರರನ್ನೇ ಆರಿಸಲಾಯಿತು. 1920ರಲ್ಲಿ ಈ ಅಸಮಾಧಾನ ಬಹಿರಂಗವಾಯಿತು. ಆ ವರ್ಷ ಬಾಲೂ ಅವರನ್ನು ತಂಡದಿಂದ ಕೈಬಿಡಲಾಗಿತ್ತು. ನಾಯಕ ಎಂ. ಡಿ. ಪೈ ಅಸ್ವಸ್ಥರಾದಾಗ ವಿಠ್ಠಲ ಅವರನ್ನು ಬಿಟ್ಟು ಡಿ. ಬಿ. ದೇವಧರ್ ಅವರನ್ನು ನೇಮಿಸಲಾಯಿತು. ಇದನ್ನು ಪ್ರತಿಭಟಿಸಿ ವಿಠ್ಠಲ ಮತ್ತು ಶಿವರಾಮ ತಂಡದಿಂದ ಹೊರಗುಳಿದರು. ಸಾರ್ವಜನಿಕ ಚರ್ಚೆಯ ನಂತರ ರಾಜಿಯಾಗಿ, ಬಾಲೂ ಅವರನ್ನು ಉಪನಾಯಕರನ್ನಾಗಿ ತಂಡಕ್ಕೆ ಮರಳಿ ಕರೆಯಲಾಯಿತು. ಪೈ ಅವರು ಮೈದಾನದಿಂದ ಹೊರಗಿದ್ದ ಸ್ವಲ್ಪ ಹೊತ್ತು ಬಾಲೂ ತಂಡವನ್ನು ಮುನ್ನಡೆಸಿದರು. ಅವರಿಗೆ ದೊರೆತ ನಾಯಕತ್ವ ಅಷ್ಟೇ.

1923ರಲ್ಲಿ ವಿಠ್ಠಲ ಅವರು ಹಿಂದೂ ತಂಡದ ನಾಯಕರಾದರು. ಅವರ ನಾಯಕತ್ವದಲ್ಲಿ ತಂಡ ಚತುಷ್ಕೋನ ಪಂದ್ಯಾವಳಿಯನ್ನು ಗೆದ್ದಾಗ ಅಭಿಮಾನಿಗಳು ಅವರನ್ನು ಹೆಗಲ ಮೇಲೆ ಹೊತ್ತು ಮೆರೆಸಿದರು. ಅಣ್ಣನಿಗೆ ನಿರಾಕರಿಸಿದ್ದು ತಮ್ಮನಿಗೆ ದಕ್ಕಿತ್ತು.

ರಾಜಕೀಯ ಜೀವನ

ನಿವೃತ್ತಿಯ ನಂತರ ಬಾಲೂ ಸಾರ್ವಜನಿಕ ಜೀವನಕ್ಕೆ ಬಂದರು. ಅಸ್ಪೃಶ್ಯತೆಯ ನಿವಾರಣೆಯ ವಿಷಯದಲ್ಲಿ ಅವರ ಒಲವು ಗಾಂಧೀಜಿಯವರ ಕಡೆಗಿತ್ತು. ದಲಿತರಿಗೆ ಪ್ರತ್ಯೇಕ ಚುನಾಯಕ ಮಂಡಲ ಬೇಕೆಂಬ ಅಂಬೇಡ್ಕರ್ ಅವರ ನಿಲುವನ್ನು ಅವರು ಒಪ್ಪಲಿಲ್ಲ. ಸೆಪ್ಟೆಂಬರ್ 1932ರ ಪುಣೆ ಒಪ್ಪಂದಕ್ಕೆ ಸಹಿ ಹಾಕಿದವರಲ್ಲಿ ಬಾಲೂ ಕೂಡ ಒಬ್ಬರು. 1937ರ ಮುಂಬಯಿ ಶಾಸನಸಭಾ ಚುನಾವಣೆಯಲ್ಲಿ ಕಾಂಗ್ರೆಸ್ ಪಕ್ಷವು ಅಂಬೇಡ್ಕರ್ ಅವರ ವಿರುದ್ಧ ಬಾಲೂ ಅವರನ್ನು ಕಣಕ್ಕಿಳಿಸಿತು. ಅಂಬೇಡ್ಕರ್ ಅವರಿಗೆ 13,245 ಮತಗಳು, ಬಾಲೂ ಅವರಿಗೆ 11,225 ಮತಗಳು ಬಂದವು. ಒಂದು ಕಾಲದಲ್ಲಿ ಪರಸ್ಪರ ಅಭಿಮಾನವಿದ್ದ ಇಬ್ಬರು ಹೀಗೆ ಎದುರಾಳಿಗಳಾದದ್ದು ಆ ಕಾಲದ ದಲಿತ ರಾಜಕಾರಣದ ಭಿನ್ನ ಹಾದಿಗಳನ್ನು ಸೂಚಿಸುತ್ತದೆ.

ನಿಧನ

ಬಾಲೂ ಅವರು ಜುಲೈ 4, 1955ರಂದು ಮುಂಬಯಿಯಲ್ಲಿ ನಿಧನರಾದರು. ಭಾರತ ತನ್ನ ಮೊದಲ ಟೆಸ್ಟ್ ಪಂದ್ಯವನ್ನು ಆಡಿದ್ದು 1932ರಲ್ಲಿ. ಆ ವೇಳೆಗೆ ಬಾಲೂ ಅವರಿಗೆ 56 ವರ್ಷ ವಯಸ್ಸಾಗಿತ್ತು. ಆದ್ದರಿಂದ ಟೆಸ್ಟ್ ಆಟಗಾರರ ಪಟ್ಟಿಯಲ್ಲಿ ಅವರ ಹೆಸರಿಲ್ಲ.

ಅಂಕಿ ಅಂಶಗಳು

ಪ್ರಥಮ ದರ್ಜೆ ಪಂದ್ಯಗಳು: 33 (1905-06ರಿಂದ 1920-21)
ವಿಕೆಟ್‌ಗಳು: 179
ಬೌಲಿಂಗ್ ಸರಾಸರಿ: 15.21
ಶ್ರೇಷ್ಠ ಬೌಲಿಂಗ್: 103 ರನ್‌ಗಳಿಗೆ 8 ವಿಕೆಟ್

ಸ್ಮರಣೆ

ಬಹುಕಾಲ ಮರೆವಿಗೆ ಸಂದಿದ್ದ ಬಾಲೂ ಅವರ ಜೀವನವನ್ನು ಇತಿಹಾಸಕಾರ ರಾಮಚಂದ್ರ ಗುಹಾ ಅವರು 2002ರಲ್ಲಿ ಪ್ರಕಟಿಸಿದ ಭಾರತೀಯ ಕ್ರಿಕೆಟ್‌ನ ಸಾಮಾಜಿಕ ಇತಿಹಾಸದ ಗ್ರಂಥದಲ್ಲಿ ವಿಸ್ತಾರವಾಗಿ ನಿರೂಪಿಸಿದ್ದಾರೆ. 2001ರ ಹಿಂದಿ ಚಲನಚಿತ್ರ ಲಗಾನ್‌ನ ಕಚ್ರಾ ಎಂಬ ಸ್ಪಿನ್ ಬೌಲರ್ ಪಾತ್ರದಲ್ಲಿ ಬಾಲೂ ಅವರ ಛಾಯೆಯನ್ನು ಹಲವರು ಗುರುತಿಸಿದ್ದಾರೆ.

ಬಾಲೂ ಬೆಳೆದದ್ದೂ ಆಡಿದ್ದೂ ಪುಣೆ ಮತ್ತು ಮುಂಬಯಿಗಳಲ್ಲಿ. ಆದರೂ ಅವರ ಜನ್ಮಸ್ಥಳವಾದ ಧಾರವಾಡ ಸೀಮೆಯಲ್ಲಿ ಕ್ರಿಕೆಟ್ ಪರಂಪರೆ ಇಂದಿಗೂ ಜೀವಂತವಾಗಿದೆ. ಹುಬ್ಬಳ್ಳಿಯ ದೇಶಪಾಂಡೆ ನಗರದಲ್ಲಿ ಕರ್ನಾಟಕ ಜಿಮಖಾನಾ ಮೈದಾನವಿದೆ. ರಾಜನಗರದ ಕ್ರೀಡಾಂಗಣದಲ್ಲಿ ರಣಜಿ ಪಂದ್ಯಗಳು ನಡೆದಿವೆ. ಭಾರತದ ಪರವಾಗಿ ಟೆಸ್ಟ್ ಆಡಿದ ಎಡಗೈ ಸ್ಪಿನ್ ಬೌಲರ್ ಸುನಿಲ್ ಜೋಶಿ ಅವರು 1997ರವರೆಗೆ ಧಾರವಾಡ ಜಿಲ್ಲೆಗೆ ಸೇರಿದ್ದ ಗದಗದವರು. ಬಾಲ್ಯದಲ್ಲಿ ಅವರು ಅಭ್ಯಾಸಕ್ಕಾಗಿ ಗದಗದಿಂದ ಹುಬ್ಬಳ್ಳಿಗೆ ಬರುತ್ತಿದ್ದರು. ಬಾಲೂ ಅವರು ಬಳಸಿ ಬಿಟ್ಟ ಚೆಂಡುಗಳಿಂದ ಕಲಿತ ಎಡಗೈ ಸ್ಪಿನ್ ಕಲೆ, ಅವರ ಕಾಲದಲ್ಲಿ ಇರದಿದ್ದ ಟೆಸ್ಟ್ ಅವಕಾಶವನ್ನು ಇದೇ ಸೀಮೆಯ ಇನ್ನೊಬ್ಬ ಆಟಗಾರನಿಗೆ ತಂದುಕೊಟ್ಟಿತು.