ಪಡುಮಲೆಯ ವೈದ್ಯೆ ದೇಯಿ ಬೈದೆತಿ

ನಮ್ಮ ಚಾಮರಾಜನಗರ ಜಿಲ್ಲೆ ಐತಿಹ್ಯಗಳ ತವರು. ಮಲೆ ಮಹದೇಶ್ವರರ ಕಥೆಯನ್ನು ಕಂಸಾಳೆಯವರು, ಮಂಟೇಸ್ವಾಮಿ ಮತ್ತು ಸಿದ್ಧಪ್ಪಾಜಿಯವರ ಕಥೆಯನ್ನು ನೀಲಗಾರರು ತಲೆಮಾರುಗಳಿಂದ ಹಾಡಿಕೊಂಡು ಬಂದಿದ್ದಾರೆ. ಹಾಗೆಯೇ ಇದು ನಾಟಿ ವೈದ್ಯರ ಜಿಲ್ಲೆಯೂ ಹೌದು. ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಪೋಡುಗಳಲ್ಲಿ, ಗುಂಡ್ಲುಪೇಟೆ ಕಡೆಯ ಕಾಡಂಚಿನ ಹಳ್ಳಿಗಳಲ್ಲಿ ಆಸ್ಪತ್ರೆ ಎಂಬುದು ಇಲ್ಲದ ಕಾಲದಲ್ಲಿ ಜನರ ಜೀವ ಕಾಯ್ದವರು ಗಿಡಮೂಲಿಕೆ ಬಲ್ಲ ಹಿರಿಯರು, ಮೂಳೆ ಕಟ್ಟುವವರು ಮತ್ತು ಸೂಲಗಿತ್ತಿಯರು. ಅವರಲ್ಲಿ ಬಹುಪಾಲು ಜನರ ಹೆಸರು ಮೊಮ್ಮಕ್ಕಳ ಕಾಲಕ್ಕೇ ಮರೆತುಹೋಯಿತು. ಆದರೆ ಎಲ್ಲೋ ಒಬ್ಬರ ಹೆಸರು ಮಾತ್ರ ಉಳಿಯುತ್ತದೆ, ಬೆಳೆಯುತ್ತದೆ, ಕೊನೆಗೆ ಗುಡಿಯನ್ನೇ ಸೇರುತ್ತದೆ. ಇದು ಹೇಗೆ ಸಾಧ್ಯವಾಗುತ್ತದೆ?

ಈ ಪ್ರಶ್ನೆಗೆ ಸ್ಪಷ್ಟವಾದ ಉತ್ತರ ನಮ್ಮ ರಾಜ್ಯದ್ದೇ ಆದ ಒಂದು ಜೀವನಕಥೆಯಲ್ಲಿದೆ. ಅದಕ್ಕಾಗಿ ನಾವು ಮೈಸೂರು, ಮಡಿಕೇರಿ, ಸುಳ್ಯ ದಾಟಿ ದಕ್ಷಿಣ ಕನ್ನಡದ ಪುತ್ತೂರು ತಾಲೂಕಿಗೆ ಹೋಗಬೇಕು. ಅಲ್ಲಿ ಪಡುಮಲೆ ಎಂಬ ಊರಿದೆ. ತುಳುನಾಡಿನ ವೀರರಾದ ಕೋಟಿ ಚೆನ್ನಯರ ಹೆಸರನ್ನು ನಮ್ಮಲ್ಲಿ ಹಲವರು ಕೇಳಿರಬಹುದು. ಆದರೆ ಅವರ ತಾಯಿ ದೇಯಿ ಬೈದೆತಿ ಒಬ್ಬ ವೈದ್ಯೆಯಾಗಿದ್ದಳು ಎಂಬುದು ನಮ್ಮ ಕಡೆ ಅಷ್ಟಾಗಿ ತಿಳಿದಿಲ್ಲ.

ಕಾಡಿನಲ್ಲಿ ಬಿಟ್ಟ ಹುಡುಗಿ

ದೇಯಿಯ ಬದುಕು ನಮಗೆ ತಿಳಿದಿರುವುದು ಪಾಡ್ದನಗಳಿಂದ. ಪಾಡ್ದನವೆಂದರೆ ತುಳುವಿನ ಕಥನ ಹಾಡು. ಗದ್ದೆಯಲ್ಲಿ ನೇಜಿ ನೆಡುವ ಹೆಂಗಸರೂ, ದೈವಾರಾಧನೆಯ ಕಲಾವಿದರೂ ಇವುಗಳನ್ನು ಹಾಡುತ್ತಾರೆ. ಹಾಡುವವರು ಬದಲಾದಂತೆ ವಿವರಗಳೂ ಬದಲಾಗುತ್ತವೆ, ಆದರೆ ಕಥೆಯ ಬೆನ್ನೆಲುಬು ಮಾತ್ರ ಒಂದೇ. ಘಟನೆಗಳ ಕಾಲವನ್ನು ಸಾಮಾನ್ಯವಾಗಿ 16ನೆಯ ಶತಮಾನವೆಂದು ಹೇಳುತ್ತಾರೆ.

ಆಕೆ ಬ್ರಾಹ್ಮಣರ ಮನೆಯಲ್ಲಿ ಬೆಳೆದ ಹುಡುಗಿ. ಮದುವೆಗೆ ಮುಂಚೆಯೇ ಋತುಮತಿಯಾದಳು. ಅಂದಿನ ಕಟ್ಟುಪಾಡಿನ ಪ್ರಕಾರ ಅಂತಹ ಹುಡುಗಿಗೆ ಮನೆಯಲ್ಲಿ ಜಾಗವಿರಲಿಲ್ಲ. ಹೆತ್ತವರೆನಿಸಿಕೊಂಡವರೇ ಆಕೆಯ ಕಣ್ಣಿಗೆ ಬಟ್ಟೆ ಕಟ್ಟಿ ಕಾಡಿನಲ್ಲಿ ಬಿಟ್ಟು ಬಂದರು. ಪ್ರಕೃತಿಯ ಒಂದು ಸಹಜ ಕ್ರಿಯೆಯೇ ಒಂದು ಹೆಣ್ಣು ಮಗುವಿಗೆ ಮರಣದಂಡನೆಯಂತಾಯಿತು.

ಕಾಡಿನಲ್ಲಿ ಆಕೆಯನ್ನು ಕಂಡವನು ಸಾಯನ ಬೈದ್ಯ. ಶೇಂದಿ ಇಳಿಸುವ ಬಿಲ್ಲವ ಸಮುದಾಯದವನು, ಅಂದಿನ ಸಮಾಜ ದೂರವಿಟ್ಟಿದ್ದ ಜನರಲ್ಲಿ ಒಬ್ಬ. ಮೇಲಿನವರೆನಿಸಿಕೊಂಡವರು ಹೊರಹಾಕಿದ ಹುಡುಗಿಯನ್ನು ಕೆಳಗಿನವನೆನಿಸಿಕೊಂಡವನು ಮನೆಗೆ ಕರೆತಂದ. ದೇಯಿ ಎಂಬ ಹೆಸರಿನಲ್ಲಿ ತನ್ನವಳಂತೆ ಸಾಕಿದ. ಮುಂದೆ ಕಾಂತಣ್ಣ ಬೈದ್ಯನೊಂದಿಗೆ ಆಕೆಯ ಮದುವೆಯೂ ಆಯಿತು.

ಸಾಯನ ಬೈದ್ಯನಿಗೆ ಗಿಡಮೂಲಿಕೆಗಳ ಅರಿವಿತ್ತು. ಬೈದ್ಯ ಎಂಬ ಹೆಸರೇ ವೈದ್ಯ ಎಂಬ ಪದದಿಂದ ಬಂದದ್ದೆಂದು ಹೇಳುವುದುಂಟು. ಮರ ಏರುವವನಿಗೆ ಕಾಡಿನ ಬಳ್ಳಿ, ಬೇರು, ತೊಗಟೆಗಳ ಪರಿಚಯ ದಿನನಿತ್ಯದ್ದು. ಆ ವಿದ್ಯೆಯನ್ನು ಆತ ಗಂಡುಮಕ್ಕಳಿಗೆ ಮಾತ್ರ ಎಂದು ಬಚ್ಚಿಡಲಿಲ್ಲ, ತಾನು ಸಾಕಿದ ಹುಡುಗಿಗೂ ಧಾರೆಯೆರೆದ. ಹೀಗೆ ಕಾಡಿನಲ್ಲಿ ಸಾಯಬೇಕಾಗಿದ್ದವಳು ಅದೇ ಕಾಡಿನ ಸೊಪ್ಪಿನಿಂದ ಇತರರ ಜೀವ ಉಳಿಸುವ ವೈದ್ಯೆಯಾದಳು.

ಬಲ್ಲಾಳನ ಕಾಲಿನ ಗಾಯ

ಪಡುಮಲೆಯನ್ನು ಆಳುತ್ತಿದ್ದವನು ಪೆರುಮಲೆ ಬಲ್ಲಾಳ. ಒಮ್ಮೆ ಬೇಟೆಗೆ ಹೋದಾಗ ಅವನ ಕಾಲಿಗೆ ಮುಳ್ಳು ಚುಚ್ಚಿತು. ಗಾಯ ಕೀವಾಗಿ, ಊದಿಕೊಂಡು, ಪ್ರಾಣಕ್ಕೇ ಸಂಚಕಾರ ಬಂತು. ಇಂದು ಒಂದು ಚುಚ್ಚುಮದ್ದು, ನಾಲ್ಕು ದಿನದ ಮಾತ್ರೆಗಳಿಂದ ವಾಸಿಯಾಗಬಹುದಾದ ಗಾಯ ಅಂದು ಅರಸನನ್ನೂ ಮಣ್ಣಿಗೆ ಸೇರಿಸಬಲ್ಲುದಾಗಿತ್ತು. ಬಂದ ಪಂಡಿತರೆಲ್ಲ ಕೈಚೆಲ್ಲಿದರು. ಕೊನೆಗೆ ಬಲ್ಲಾಳನ ಬೀಡಿನಿಂದ ದೇಯಿಗೆ ಕರೆ ಬಂತು.

ಆಗ ಆಕೆ ತುಂಬು ಗರ್ಭಿಣಿ. ಆ ಸ್ಥಿತಿಯಲ್ಲಿ ಬರಲಾರೆ ಎಂದರೆ ಯಾರೂ ತಪ್ಪೆನ್ನುವಂತಿರಲಿಲ್ಲ. ಆದರೂ ಆಕೆ ದಂಡಿಗೆಯಲ್ಲಿ ಕುಳಿತು ಬೀಡಿಗೆ ಬಂದಳು. ಗಾಯವನ್ನು ಪರೀಕ್ಷಿಸಿ, ತಾನು ಬಲ್ಲ ಔಷಧಿಗಳಿಂದ ಆರೈಕೆ ಮಾಡಿದಳು. ಬಲ್ಲಾಳ ಎದ್ದು ಕುಳಿತ. ಸಂತೋಷದಲ್ಲಿ ದೊಡ್ಡ ಕೊಡುಗೆಯ ಮಾತು ಕೊಟ್ಟ. ಆದರೆ ಮನೆಗೆ ಮರಳುವ ಹೊತ್ತಿಗೆ ಆಕೆಗೆ ಹೆರಿಗೆ ನೋವು ಕಾಣಿಸಿಕೊಂಡಿತು. ಅಲ್ಲೇ ಅವಳಿ ಗಂಡುಮಕ್ಕಳು ಹುಟ್ಟಿದರು. ಅವರೇ ಕೋಟಿ ಮತ್ತು ಚೆನ್ನಯ.

ಮಕ್ಕಳು ಇನ್ನೂ ಎಳೆಯರಿರುವಾಗಲೇ ದೇಯಿ ತೀರಿಕೊಂಡಳು. ಅರಸನ ಜೀವ ಉಳಿಸಿದ ಕೈಗಳು ತನ್ನ ಮಕ್ಕಳ ಬೆಳವಣಿಗೆಯನ್ನು ಕಾಣುವ ಭಾಗ್ಯ ಪಡೆಯಲಿಲ್ಲ. ಅವರ ಪಾಲನೆಯೂ ಸಾಯನ ಬೈದ್ಯನ ಹೆಗಲಿಗೇ ಬಿತ್ತು.

ತೀರದ ಋಣ

ಮಕ್ಕಳು ಬೆಳೆದು ಶೂರರಾದರು. ಬಲ್ಲಾಳನ ಆಸ್ಥಾನದಲ್ಲಿ ಪ್ರಭಾವಿಯಾಗಿದ್ದ ಬುದ್ಯಂತನೊಂದಿಗೆ ಗದ್ದೆಯ ವಿಷಯದಲ್ಲಿ ಅವರಿಗೆ ವೈಮನಸ್ಸು ಬೆಳೆಯಿತು. ಅದು ಕೊಲೆಯಲ್ಲಿ ಮುಗಿಯಿತು. ತಾಯಿ ಮಾಡಿದ ಚಿಕಿತ್ಸೆಗೆ ಪ್ರತಿಯಾಗಿ ಕೊಡುವೆನೆಂದ ಕೊಡುಗೆಯನ್ನು ಅವರು ಬಲ್ಲಾಳನಲ್ಲಿ ಕೇಳಿದರು. ಬಲ್ಲಾಳ ಕೊಡಲಿಲ್ಲ. ನೋವಿನ ಹಾಸಿಗೆಯಲ್ಲಿ ನೆನಪಿದ್ದ ಮಾತು ಸಿಂಹಾಸನದ ಮೇಲೆ ಮರೆತುಹೋಯಿತು. ಸಹೋದರರು ಪಡುಮಲೆಯನ್ನು ತೊರೆದು ಪಂಜಕ್ಕೂ, ಅಲ್ಲಿಂದ ಎಣ್ಮೂರಿಗೂ ಹೋದರು. ಎಣ್ಮೂರಿನ ಯುದ್ಧದಲ್ಲಿ ಇಬ್ಬರೂ ಪ್ರಾಣ ಕಳೆದುಕೊಂಡರು.

ಇಲ್ಲಿ ನಾವು ಗಮನಿಸಬೇಕಾದ ಒಂದು ಸಂಗತಿ ಇದೆ. ಇಡೀ ವೀರಗಾಥೆಯ ಬೇರಿನಲ್ಲಿರುವುದು ಕತ್ತಿಯಲ್ಲ, ಒಂದು ಔಷಧಿ. ಒಬ್ಬ ಬಡ ವೈದ್ಯೆಗೆ ಸಲ್ಲಬೇಕಾದ ಸಂಭಾವನೆ ಸಲ್ಲಲಿಲ್ಲ ಎಂಬ ಕೊರಗೇ ಈ ಕಥೆಯನ್ನು ಮುನ್ನಡೆಸಿದೆ. ಅರಸ ಉಳಿಸಿಕೊಂಡ ಸಾಲವನ್ನು ಜನರು ಹಾಡಿನ ಮೂಲಕ ತೀರಿಸತೊಡಗಿದರು. ಗದ್ದೆಯಲ್ಲಿ ಬೆನ್ನು ಬಗ್ಗಿಸಿ ದುಡಿಯುವ ಹೆಂಗಸರಿಗೆ ದೇಯಿಯ ಕಥೆ ತಮ್ಮದೇ ಕಥೆಯಾಗಿ ಕಂಡಿತು. ಅವರು ಅದನ್ನು ಮಕ್ಕಳಿಗೆ ಕಲಿಸಿದರು.

ಹಾಡಿನಿಂದ ಗುಡಿಗೆ

ನಂತರದ ಹಂತಗಳನ್ನು ನಾವು ಸ್ಪಷ್ಟವಾಗಿ ಗುರುತಿಸಬಹುದು. ಅನ್ಯಾಯಕ್ಕೊಳಗಾಗಿ ಮಡಿದ ವೀರರನ್ನು ದೈವಗಳಾಗಿ ಆರಾಧಿಸುವುದು ತುಳುನಾಡಿನ ಪದ್ಧತಿ. ಕೋಟಿ ಚೆನ್ನಯರಿಗಾಗಿ ಗರಡಿಗಳು ಎದ್ದವು. ಇಂದು ಕರಾವಳಿಯಲ್ಲಿ ಇನ್ನೂರಕ್ಕೂ ಹೆಚ್ಚು ಗರಡಿಗಳಿವೆ. ಮಕ್ಕಳ ಜೊತೆಗೆ ತಾಯಿಯ ಹೆಸರೂ ಊರೂರು ತಲುಪಿತು.

19ನೆಯ ಶತಮಾನದಲ್ಲಿ ಎ.ಸಿ. ಬರ್ನೆಲ್ ಎಂಬ ಆಂಗ್ಲ ಅಧಿಕಾರಿ ಸಂಗ್ರಹಿಸಿದ್ದ ತುಳು ಪಾಡ್ದನಗಳು ಅವರ ನಿಧನಾನಂತರ, 1890ರ ದಶಕದಲ್ಲಿ ಇಂಡಿಯನ್ ಆಂಟಿಕ್ವರಿ ಪತ್ರಿಕೆಯಲ್ಲಿ ಇಂಗ್ಲಿಷಿಗೆ ಅನುವಾದಗೊಂಡು ಅಚ್ಚಾದವು. ಕೋಟಿ ಚೆನ್ನಯರ ಹಾಡೂ ಅವುಗಳಲ್ಲಿತ್ತು. ಮಕ್ಕಳ ಸಾಹಿತಿ ಎಂದೇ ಹೆಸರಾದ ಪಂಜೆ ಮಂಗೇಶರಾಯರು ಈ ಕಥೆಯನ್ನು ಕನ್ನಡ ಗದ್ಯಕ್ಕೆ ತಂದರು. 1973ರಲ್ಲಿ ಇದು ತುಳು ಚಲನಚಿತ್ರವಾಯಿತು. ಯಕ್ಷಗಾನ, ನಾಟಕಗಳಂತೂ ಲೆಕ್ಕವಿಲ್ಲ. ಪುತ್ತೂರು ತಾಲೂಕಿನಲ್ಲಿ ಅರಣ್ಯ ಇಲಾಖೆ ದೇಯಿ ಬೈದೆತಿಯ ಹೆಸರಿನಲ್ಲಿ ಔಷಧಿವನವನ್ನು ಬೆಳೆಸಿತು. 2020ರಲ್ಲಿ ಪಡುಮಲೆ ಸಮೀಪದ ಗೆಜ್ಜೆಗಿರಿಯಲ್ಲಿ ಆಕೆಯ ಮತ್ತು ಮಕ್ಕಳ ಮೂಲಸ್ಥಾನವೆಂದು ಭಕ್ತರು ನಂಬುವ ಕ್ಷೇತ್ರದ ಬ್ರಹ್ಮಕಲಶೋತ್ಸವ ನಡೆಯಿತು. ಕಾಡಿನಲ್ಲಿ ಬಿಟ್ಟುಹೋದ ಹುಡುಗಿ ಲಕ್ಷಾಂತರ ಜನರಿಗೆ ಮಾತೆಯಾದಳು.

ಹೀಗೆ ಹಾಡಿನಿಂದ ಅಚ್ಚಿಗೆ, ಅಚ್ಚಿನಿಂದ ತೆರೆಗೆ ಕಥೆ ಸಾಗಿತು; ಅತ್ತ ಗರಡಿಯಿಂದ ಕ್ಷೇತ್ರಕ್ಕೆ ಆರಾಧನೆ ಬೆಳೆಯಿತು. ಪ್ರತಿ ಹಂತದಲ್ಲೂ ಮನುಷ್ಯಳಾದ ದೇಯಿ ಸ್ವಲ್ಪ ಹಿಂದಕ್ಕೆ ಸರಿದು, ಪವಾಡದ ದೇಯಿ ಮುಂದಕ್ಕೆ ಬರುತ್ತಾಳೆ. ಆಕೆ ಯಾವ ಸೊಪ್ಪು ಅರೆದಳು, ಗಾಯವನ್ನು ಹೇಗೆ ತೊಳೆದಳು ಎಂಬುದು ಮರೆಯಾಗಿ, ಆಕೆ ಮುಟ್ಟಿದ್ದೆಲ್ಲ ಗುಣವಾಯಿತು ಎಂಬುದು ಉಳಿಯುತ್ತದೆ.

ರುಫೈದಾರವರ ಡೇರೆ

ದೇಯಿಯ ಕಥೆಯನ್ನು ಓದುವಾಗ ಇಸ್ಲಾಮಿನ ಇತಿಹಾಸ ಬಲ್ಲವರಿಗೆ ಇನ್ನೊಂದು ಹೆಸರು ನೆನಪಾಗದೆ ಇರದು. ಅದು ಹಝ್ರತ್ ರುಫೈದಾ ಅಲ್ ಅಸ್ಲಮಿಯ್ಯಾ(ರ) ಅವರದು. ಮದೀನಾದ ಈ ಸಹಾಬಿ ಮಹಿಳೆ ವೈದ್ಯವಿದ್ಯೆಯನ್ನು ತಮ್ಮ ತಂದೆಯಿಂದ ಕಲಿತರೆಂದು ಹೇಳಲಾಗುತ್ತದೆ. ಕ್ರಿ.ಶ. 627ರ ಖಂದಕ್ ಯುದ್ಧದಲ್ಲಿ ಹಝ್ರತ್ ಸಅದ್ ಬಿನ್ ಮುಆದ್(ರ) ಗಾಯಗೊಂಡಾಗ ಪ್ರವಾದಿ(ಸ) ಅವರು ಚಿಕಿತ್ಸೆಗಾಗಿ ಅವರನ್ನು ರುಫೈದಾರವರ ಡೇರೆಗೆ ಕಳುಹಿಸಿದರು. ಆ ಡೇರೆ ಮಸೀದಿಯ ಬಳಿಯಲ್ಲೇ ಇತ್ತು. ಹೆಣ್ಣೊಬ್ಬಳು ಚಿಕಿತ್ಸೆ ನೀಡುವುದನ್ನು ಅಂದಿನ ಆ ಸಮಾಜ ಗೌರವದಿಂದ ಕಂಡಿತು.

ರುಫೈದಾರವರನ್ನು ನಾವು ಆರಾಧಿಸುವುದಿಲ್ಲ. ಗುಣ ನೀಡುವವನು ಅಲ್ಲಾಹನು ಮಾತ್ರ, ವೈದ್ಯರು ಅದಕ್ಕೊಂದು ಕಾರಣ ಮಾತ್ರ ಎಂಬುದು ನಮ್ಮ ವಿಶ್ವಾಸ. ಪ್ರತಿಯೊಂದು ರೋಗಕ್ಕೂ ಅಲ್ಲಾಹನು ಔಷಧಿಯನ್ನು ಇರಿಸಿದ್ದಾನೆ, ಆದ್ದರಿಂದ ಚಿಕಿತ್ಸೆ ಪಡೆಯಿರಿ ಎಂದು ಪ್ರವಾದಿ(ಸ) ಅವರು ಕಲಿಸಿದ್ದಾರೆ. ಆದರೆ ಪವಾಡಕ್ಕೆ ಮರುಳಾಗಿ ಪರಿಶ್ರಮವನ್ನು ಮರೆಯುವ ರೂಢಿ ನಮ್ಮ ಸಮುದಾಯದಲ್ಲಿಲ್ಲ ಎಂದು ಹೇಳುವಂತಿಲ್ಲ. ರೋಗಿಗಳ ಸೇವೆಯಲ್ಲಿ ಬದುಕು ಸವೆಸಿದ ಸೂಫಿಗಳ ದರ್ಗಾಗಳಿಗೆ ಹೋಗುವ ಎಷ್ಟೋ ಮಂದಿಗೆ ಅವರ ಸೇವೆಯ ಕಥೆ ಗೊತ್ತಿಲ್ಲ, ಕರಾಮತ್ತಿನ ಕಥೆ ಮಾತ್ರ ಗೊತ್ತು. ಹೀಗಿರುವಾಗ ನೆರೆಯವರ ನಂಬಿಕೆಯನ್ನು ನೋಡಿ ನಗುವ ಹಕ್ಕು ನಮಗೆಲ್ಲಿದೆ?

2017ರಲ್ಲಿ ದೇಯಿ ಬೈದೆತಿಯ ಔಷಧಿವನದ ಪ್ರತಿಮೆಯ ಬಳಿ ಯುವಕನೊಬ್ಬ ಅಸಭ್ಯವಾಗಿ ತೆಗೆಸಿಕೊಂಡ ಚಿತ್ರವೊಂದು ಹರಡಿ, ಕರಾವಳಿಯಲ್ಲಿ ಅನೇಕರ ಮನಸ್ಸಿಗೆ ನೋವಾಯಿತು. ಆ ಪ್ರತಿಮೆ ಯಾರದೆಂಬ ತಿಳಿವಳಿಕೆ ಇದ್ದ ಯಾರೂ ಹಾಗೆ ಮಾಡಲಾರರು. ನೆರೆಯವರ ತಾಯಿಯನ್ನು ಅರಿಯದಿರುವುದೂ ಒಂದು ಅವಿದ್ಯೆಯೇ. ನಾವು ಪೂಜಿಸದಿದ್ದರೂ ಗೌರವಿಸಬಹುದು. ಅದಕ್ಕೆ ನಮ್ಮ ಧರ್ಮ ಅಡ್ಡಿಯಾಗುವುದಿಲ್ಲ. ಬದಲಾಗಿ, ಇತರರು ಆರಾಧಿಸುವವರನ್ನು ನಿಂದಿಸಬಾರದೆಂದು ಕುರ್‌ಆನ್ ನಮಗೆ ಕಲಿಸುತ್ತದೆ.

ನಮಗಿರುವ ಪಾಠ

ದೇಯಿಯಂತಹವರು ನಮ್ಮ ಕಾಲದಲ್ಲೂ ಇದ್ದರು. ಪಾವಗಡದ ಸೂಲಗಿತ್ತಿ ನರಸಮ್ಮನವರು ಓದು ಬರಹ ತಿಳಿಯದಿದ್ದರೂ ಸುಮಾರು 15,000 ಹೆರಿಗೆಗಳನ್ನು ಹಣ ಪಡೆಯದೆ ಮಾಡಿಸಿದರೆಂದು ಹೆಸರಾದವರು. 2018ರಲ್ಲಿ ಅವರಿಗೆ ಪದ್ಮಶ್ರೀ ದೊರೆಯಿತು, ಅದೇ ವರ್ಷ ಡಿಸೆಂಬರ್‌ನಲ್ಲಿ ಅವರು ನಿಧನರಾದರು. ನಮ್ಮದೇ ಬಿಳಿಗಿರಿರಂಗನ ಬೆಟ್ಟದಲ್ಲಿ 1981ರಲ್ಲಿ ಡಾ. ಎಚ್. ಸುದರ್ಶನ್ ಅವರು ಸ್ಥಾಪಿಸಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವು ಸೋಲಿಗರ ಮೂಲಿಕಾ ಜ್ಞಾನವನ್ನು ಕಡೆಗಣಿಸದೆ ಆಧುನಿಕ ಚಿಕಿತ್ಸೆಯನ್ನು ಅವರ ಬಾಗಿಲಿಗೆ ಒಯ್ದಿತು.

ಹಳೆಯ ವಿದ್ಯೆಗೆ ಗೌರವ ಸಲ್ಲಬೇಕು, ಆದರೆ ಅದರ ಮಿತಿಯೂ ತಿಳಿದಿರಬೇಕು. ಕಾಡಂಚಿನ ನಮ್ಮ ಹಳ್ಳಿಗಳಲ್ಲಿ ಹಾವು ಕಚ್ಚಿದಾಗ ಮಂತ್ರ, ತಾಯಿತ, ಬೇರು ಎಂದು ಕಳೆಯುವ ಒಂದೊಂದು ಗಂಟೆಯೂ ಪ್ರಾಣಕ್ಕೆ ಎರವಾಗುತ್ತದೆ. ವಿಷ ಏರಿದವರಿಗೆ ಮದ್ದು ಆಸ್ಪತ್ರೆಯಲ್ಲಿರುವ ವಿಷನಿರೋಧಕ ಚುಚ್ಚುಮದ್ದು ಮಾತ್ರ. 2024ರಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತದ ಪ್ರಕರಣಗಳನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕೆಂದು ಘೋಷಿಸಿತು. ದೇಯಿ ಇಂದು ಇದ್ದಿದ್ದರೆ ರೋಗಿಯನ್ನು ತಾನೇ ದಂಡಿಗೆಯಲ್ಲಿ ಕೂರಿಸಿ ಆಸ್ಪತ್ರೆಗೆ ಕಳುಹಿಸುತ್ತಿದ್ದಳು. ಏಕೆಂದರೆ ನಿಜವಾದ ವೈದ್ಯರಿಗೆ ತಮ್ಮ ಕೀರ್ತಿಗಿಂತ ರೋಗಿಯ ಜೀವ ಮುಖ್ಯ.

ವಿದ್ಯಾರ್ಥಿ ಮಿತ್ರರೇ, 2016ರಿಂದ ನಮ್ಮ ಚಾಮರಾಜನಗರದಲ್ಲೇ ಸರ್ಕಾರಿ ವೈದ್ಯಕೀಯ ಕಾಲೇಜು ಇದೆ. ಸಾಯನ ಬೈದ್ಯನಲ್ಲಿ ಪುಸ್ತಕವಿರಲಿಲ್ಲ, ಶಾಲೆಯಿರಲಿಲ್ಲ, ಆದರೂ ಸಾಕಿದ ಹುಡುಗಿಗೆ ವಿದ್ಯೆ ಕಲಿಸಿದ. ಎಲ್ಲ ಸೌಲಭ್ಯಗಳಿದ್ದೂ ನಮ್ಮ ಹೆಣ್ಣುಮಕ್ಕಳು ಹತ್ತನೆಯ ತರಗತಿಗೇ ಓದು ನಿಲ್ಲಿಸಿದರೆ, ಕಣ್ಣಿಗೆ ಬಟ್ಟೆ ಕಟ್ಟಿ ಕಾಡಿನಲ್ಲಿ ಬಿಟ್ಟವರಿಗಿಂತ ನಾವು ಎಷ್ಟು ಮೇಲು ಎಂದು ಪ್ರತಿಯೊಬ್ಬ ಪೋಷಕರೂ ಕೇಳಿಕೊಳ್ಳಬೇಕು. ವೈದ್ಯೆಯಾಗಿ, ದಾದಿಯಾಗಿ, ಔಷಧಿ ತಜ್ಞೆಯಾಗಿ ನಮ್ಮ ಹೆಣ್ಣುಮಕ್ಕಳು ಬಡವರ ಮನೆಬಾಗಿಲಿಗೆ ಹೋಗುವಂತಾಗಲಿ. ಅವರ ಹೆಸರು ಐತಿಹ್ಯವಾಗುವುದು ಬೇಡ, ಅವರಿಗಾಗಿ ಗುಡಿ ಗೋರಿಗಳೂ ಬೇಡ. ಅವರು ಮಾಡಿದ ಸೇವೆಗೆ ಸಲ್ಲಬೇಕಾದ ಗೌರವ ಮತ್ತು ಸಂಭಾವನೆ ಅವರು ಬದುಕಿರುವಾಗಲೇ ಸಲ್ಲಲಿ. ಪ್ರತಿಫಲವನ್ನು ಅಲ್ಲಾಹನು ಎಂದಿಗೂ ಬಾಕಿ ಇಡುವುದಿಲ್ಲ.