ಒಂದು ಪತ್ರ ರೂಪಿಸಿದ ಹಿಂದೂಸ್ತಾನ

ಪರದೇಶವನ್ನು ಕಣ್ಣಾರೆ ಕಾಣುವ ಅವಕಾಶ ಕೆಲವರಿಗೆ ಮಾತ್ರ. ಉಳಿದವರು ಆ ಕೆಲವರು ಬರೆದುದನ್ನೇ ನಂಬಬೇಕು. ಹಾಗೆ ನಂಬಿದ ಮಾತು ಎಷ್ಟು ದೀರ್ಘಕಾಲ ಬಾಳಬಲ್ಲದು ಎಂಬುದಕ್ಕೆ ಫ್ರೆಂಚ್ ವೈದ್ಯ ಫ್ರಾನ್ಸ್ವಾ ಬರ್ನಿಯರ್‌ನ ಬದುಕು ಒಳ್ಳೆಯ ನಿದರ್ಶನ.

ಬರ್ನಿಯರ್ 1620ರಲ್ಲಿ ಫ್ರಾನ್ಸಿನ ಆಂಜೂ ಪ್ರಾಂತ್ಯದ ಕೃಷಿಕ ಕುಟುಂಬವೊಂದರಲ್ಲಿ ಜನಿಸಿದ. ದಾರ್ಶನಿಕ ಗಸೆಂಡಿಯ ಶಿಷ್ಯನಾದ. 1652ರಲ್ಲಿ ವೈದ್ಯ ಪದವಿ ಪಡೆದ. ಗುರುವಿನ ಮರಣಾನಂತರ ಪ್ಯಾಲೆಸ್ಟೈನ್, ಈಜಿಪ್ಟ್‌ಗಳನ್ನು ಸುತ್ತಿ ಸೂರತ್ತಿಗೆ ಬಂದಿಳಿದಾಗ ಷಹಜಹಾನನ ಮಕ್ಕಳು ಸಿಂಹಾಸನಕ್ಕಾಗಿ ಕಾದಾಡುತ್ತಿದ್ದರು. ಸೋತು ಓಡುತ್ತಿದ್ದ ದಾರಾ ಷುಕೋ ಅಹಮದಾಬಾದಿನ ಸಮೀಪ ಎದುರಾದ. ಅವನ ಪತ್ನಿಗೆ ಬರ್ನಿಯರ್ ಚಿಕಿತ್ಸೆ ನೀಡಿದ. 1659ರಲ್ಲಿ ಅದೇ ದಾರಾನನ್ನು ಸೆರೆಯಾಳಾಗಿ ದೆಹಲಿಯ ಬೀದಿಗಳಲ್ಲಿ ಮೆರವಣಿಗೆ ಮಾಡಿದಾಗ ಜನ ಕಣ್ಣೀರಿಟ್ಟುದನ್ನೂ ಕಂಡ.

ಮುಂದೆ ಅವನಿಗೆ ಆಶ್ರಯ ನೀಡಿದವನು ಔರಂಗಜೇಬನ ಆಸ್ಥಾನದ ವಿದ್ವಾಂಸ ದಾನಿಶ್‌ಮಂದ್ ಖಾನ್. ಬರ್ನಿಯರ್ ಅವನಿಗೆ ರಕ್ತ ಪರಿಚಲನೆಯ ಹೊಸ ಸಿದ್ಧಾಂತವನ್ನು ವಿವರಿಸಿದ. ಅಲ್ಲಿದ್ದ ಪಂಡಿತರಿಂದ ಭಾರತೀಯ ದರ್ಶನಗಳನ್ನು ತಿಳಿದುಕೊಂಡ. ಬಾದಶಹನ ಪರಿವಾರದೊಡನೆ ಕಾಶ್ಮೀರಕ್ಕೆ ಹೋದ, ಬಂಗಾಳವನ್ನೂ ನೋಡಿದ. 1669ರಲ್ಲಿ ಫ್ರಾನ್ಸಿಗೆ ಮರಳಿ, 1670-71ರಲ್ಲಿ ತನ್ನ ಪ್ರವಾಸ ಕಥನವನ್ನು ಪ್ರಕಟಿಸಿದ. ಅದು ಬೇಗನೆ ಇಂಗ್ಲಿಷಿಗೂ ಹೋಯಿತು. ಇಂಗ್ಲೆಂಡಿನ ಡ್ರೈಡನ್ 1675ರಲ್ಲಿ ಔರಂಗಜೇಬನನ್ನು ಕುರಿತ ನಾಟಕಕ್ಕೆ ಅದನ್ನೇ ಆಧರಿಸಿದ.

ಇಷ್ಟು ಕಂಡವನೂ ಒಂದೆಡೆ ಎಡವಿದ. ಫ್ರಾನ್ಸಿನ ಅರ್ಥಮಂತ್ರಿ ಕೋಲ್ಬರ್‌ಗೆ ಬರೆದ ಪತ್ರದಲ್ಲಿ, ಹಿಂದೂಸ್ತಾನದಲ್ಲಿ ಭೂಮಿಯೆಲ್ಲ ದೊರೆಯದು, ಖಾಸಗಿ ಒಡೆತನವೇ ಇಲ್ಲ, ಆದುದರಿಂದಲೇ ರೈತ ಬಡವ, ನಾಡು ಪಾಳು ಎಂದು ವಾದಿಸಿದ. ಪದೇ ಪದೇ ವರ್ಗವಾಗುತ್ತಿದ್ದ ಜಾಗೀರುದಾರರು ರೈತರನ್ನು ಹಿಂಡುತ್ತಿದ್ದುದು ನಿಜ. ಆದರೆ ಜಾಗೀರುದಾರನಿಗಿದ್ದುದು ಕಂದಾಯದ ಹಕ್ಕು, ಭೂಮಿಯ ಒಡೆತನವಲ್ಲ. ಅವನ ಕೆಳಗೆ ಜಮೀನ್ದಾರರಿಗೂ ರೈತರಿಗೂ ವಂಶಪಾರಂಪರ್ಯ ಹಕ್ಕುಗಳಿದ್ದವು. ಜಮೀನ್ದಾರಿ ಹಕ್ಕುಗಳ ಕ್ರಯವಿಕ್ರಯವೂ ನಡೆಯುತ್ತಿತ್ತೆಂಬುದನ್ನು ಅಂದಿನ ಪರ್ಷಿಯನ್ ದಾಖಲೆಗಳು ತೋರಿಸುತ್ತವೆ. ಆಸ್ಥಾನದಿಂದ ನೋಡಿದವನಿಗೆ ಕಂದಾಯ ಕಂಡಿತು, ಹಕ್ಕು ಕಾಣಲಿಲ್ಲ. ಮೇಲಾಗಿ ಹದಿನಾಲ್ಕನೆಯ ಲೂಯಿಯ ನಿರಂಕುಶ ಫ್ರಾನ್ಸಿಗೆ ಎಚ್ಚರಿಕೆ ನೀಡುವ ಇಂಗಿತವೂ ಆ ಪತ್ರದಲ್ಲಿತ್ತು. ಕನ್ನಡಿ ಹಿಡಿದದ್ದು ತನ್ನ ದೊರೆಗೆ. ಅದರಲ್ಲಿ ಮುಖ ವಿಕಾರವಾಗಿ ಮೂಡಿದ್ದು ನಮ್ಮದು.

1688ರಲ್ಲಿ ಬರ್ನಿಯರ್ ಪ್ಯಾರಿಸಿನಲ್ಲಿ ತೀರಿಕೊಂಡ. ಅವನ ಮಾತು ಸಾಯಲಿಲ್ಲ. 1748ರಲ್ಲಿ ಮಾಂಟೆಸ್ಕ್ಯೂ ಪೌರಸ್ತ್ಯ ನಿರಂಕುಶತೆಯ ಸಿದ್ಧಾಂತಕ್ಕೆ ಅವನನ್ನು ಬಳಸಿಕೊಂಡ. ಭಾರತಕ್ಕೆ ಒಮ್ಮೆಯೂ ಬಾರದ ಜೇಮ್ಸ್ ಮಿಲ್ 1817ರ ತನ್ನ ಇತಿಹಾಸ ಗ್ರಂಥದಲ್ಲಿ ಇಲ್ಲಿನ ಭೂಮಿಗೆ ದೊರೆಯೇ ಒಡೆಯನೆಂದು ಪ್ರತಿಪಾದಿಸಿದ. 1853ರಲ್ಲಿ ಮಾರ್ಕ್ಸ್ ಏಂಗೆಲ್ಸ್‌ಗೆ ಬರೆದ ಪತ್ರದಲ್ಲಿ ಬರ್ನಿಯರ್‌ನನ್ನು ಮೆಚ್ಚಿಕೊಂಡು, ಖಾಸಗಿ ಭೂಒಡೆತನದ ಅಭಾವವೇ ಪೂರ್ವದೇಶಗಳನ್ನು ಅರಿಯುವ ಕೀಲಿಕೈ ಎಂದು ಭಾವಿಸಿದ. ಭಾರತದಲ್ಲಿ ಕೆಲವು ವರ್ಷ ಕಳೆದಿದ್ದ ಆಂಕೆಟಿಲ್ ದ್ಯುಪೆರಾನ್ 1778ರಲ್ಲೇ ಈ ವಾದವನ್ನು ಖಂಡಿಸಿದ್ದ, ಕೇಳಿಸಿಕೊಂಡವರು ಕಡಿಮೆ.

ಬರ್ನಿಯರ್ ಸುಳ್ಳುಗಾರನಲ್ಲ, ದ್ವೇಷಿಯೂ ಅಲ್ಲ. ಅದೇ ಇಲ್ಲಿನ ಪಾಠ. ಸರ್ಕಾರಿ ಸೇವೆಯಲ್ಲಿದ್ದಾಗ ನಾನೂ ಒಂದೇ ದಿನ ಹಳ್ಳಿ ಸುತ್ತಿ, ಸಂಜೆಯೊಳಗೆ ತಪಾಸಣಾ ವರದಿ ಬರೆದವನು. ಕಂಡದ್ದೆಲ್ಲ ನಿಜವೇ ಆಗಿರುತ್ತಿತ್ತು; ಕಾಣದುದು ಮಾತ್ರ ಕಡತ ಸೇರುತ್ತಿರಲಿಲ್ಲ. ಮುಂದಿನ ಅಧಿಕಾರಿಗೆ ಆ ಕಡತವೇ ಹಳ್ಳಿ. ವಿದೇಶ ಸುತ್ತಿ ಬಂದು ಅಲ್ಲಿನ ಜನರೆಲ್ಲ ಹೀಗೆಯೇ ಎಂದು ಬರೆಯುವ ಹುಮ್ಮಸ್ಸು ಈಗ ನಮ್ಮಲ್ಲೂ ಇದೆ. ಬರೆಯುವ ಮುನ್ನ ಬರ್ನಿಯರ್‌ನ ಪತ್ರವನ್ನೊಮ್ಮೆ ನೆನೆಯುವುದು ಒಳಿತು.